ಅರಬೈಲು ಘಟ್ಟದಲ್ಲಿ ಸಿಗ್ನಲ್ ಕೇಳುವುದು ಶೋಕಿಯಲ್ಲ

ಹುಬ್ಬಳ್ಳಿಯಿಂದ ಅಂಕೋಲಾ ಕಡೆ ಲಾರಿ ಹೊಡೆಯುವವರು ಯಲ್ಲಾಪುರದಲ್ಲಿ ಎರಡು ಕೆಲಸ ಮಾಡುತ್ತಾರೆ. ಒಂದು ಚಹಾ ಕುಡಿಯುವುದು, ಇನ್ನೊಂದು ಮನೆಗೆ ಫೋನು ಹಚ್ಚುವುದು. ಚಹಾ ಒಲ್ಲೆ ಅನ್ನುವವರು ಸಿಕ್ಕಾರು, ಫೋನು ಹಚ್ಚದೆ ಘಟ್ಟ ಇಳಿಯುವವರು ಸಿಗುವುದು ಕಡಿಮೆ. ಅಮರಗೋಳದ ಎಪಿಎಂಸಿ ಆವರಣದಲ್ಲಿ ಲೋಡ್‌ಗಾಗಿ ಕಾಯುತ್ತಿದ್ದ ಹಿರಿಯ ಚಾಲಕರೊಬ್ಬರು ಇದನ್ನು ಒಂದೇ ಮಾತಿನಲ್ಲಿ ಹೇಳಿದರು: "ಯಲ್ಲಾಪುರ ದಾಟಿದ ಮ್ಯಾಲ ಫೋನು ಅಂದ್ರ ಬರೇ ಟಾರ್ಚ್ ನೋಡ್ರಿ ಸರ."

ಅವರದು ಸ್ವಲ್ಪ ಉತ್ಪ್ರೇಕ್ಷೆ. ಒಂದು ಕಂಪನಿಯ ಸಿಗ್ನಲ್ ಅಲ್ಲಲ್ಲಿ ಒಂದು ಕಡ್ಡಿ ಬಂದು ಹೋಗುತ್ತದೆ, ಇನ್ನೊಂದರದು ಊರು ಬಂದಾಗ ಮಾತ್ರ ಕಾಣಿಸಿಕೊಳ್ಳುತ್ತದೆ. ಆದರೆ ಎರಡೂ ಕಂಪನಿಯ ಸಿಮ್ ಇಟ್ಟುಕೊಂಡವನಿಗೂ ತಿರುವಿನಲ್ಲಿ, ಕಣಿವೆಯಲ್ಲಿ, ಮಳೆ ಸುರಿಯುವಾಗ ಮಾತು ಸಿಗುವುದಿಲ್ಲ. ಈ ರಸ್ತೆಯನ್ನು ನಾವೆಲ್ಲ ಈಗಲೂ 63 ಎಂದೇ ಕರೆಯುತ್ತೇವೆ. ಕಾಗದದ ಮೇಲೆ ಅದು ರಾಷ್ಟ್ರೀಯ ಹೆದ್ದಾರಿ 52 ಆಗಿ ವರ್ಷಗಳಾದವು. ಸುಮಾರು 130 ಕಿಲೋಮೀಟರಿನ ಈ ದಾರಿಯಲ್ಲಿ ಹಗಲು ರಾತ್ರಿ ತರಕಾರಿ, ಅದಿರು, ಸಿಮೆಂಟು, ಗ್ಯಾಸ್ ಟ್ಯಾಂಕರು, ಗೋಕರ್ಣ–ಮುರ್ಡೇಶ್ವರಕ್ಕೆ ಹೊರಟ ಕ್ರೂಸರುಗಳು ಓಡುತ್ತವೆ. ಹುಬ್ಬಳ್ಳಿ–ಅಂಕೋಲಾ ರೈಲು ಇನ್ನೂ ಓಡಿಲ್ಲವಾದ್ದರಿಂದ ಎಲ್ಲ ಭಾರವೂ ಇದೇ ರಸ್ತೆಯ ಮೇಲೆ.

ಪ್ರವಾಸಕ್ಕೆ ಹೋಗುವಾಗ ಮೊಬೈಲು, ಮ್ಯಾಪು, ಪವರ್ ಬ್ಯಾಂಕು ಹೇಗೆ ಬಳಸಬೇಕು ಎಂದು ಬೆಂಗಳೂರಿನ ಯುಟ್ಯೂಬರ್‌ಗಳು ವಿಡಿಯೊ ಮಾಡುತ್ತಾರೆ. ಮಾಡಲಿ. ಅದರಲ್ಲಿ ಕೆಲವು ನನಗೂ ಉಪಯೋಗಕ್ಕೆ ಬಂದಿವೆ. ನನ್ನ ತಕರಾರು ಇರುವುದು ಆ ವಿಡಿಯೊಗಳು ಮುಗಿಯುವ ಜಾಗದಲ್ಲಿ. "ನೆಟ್‌ವರ್ಕ್ ಇಲ್ಲದ ಕಡೆ ಎಚ್ಚರಿಕೆಯಿಂದಿರಿ" ಎಂದು ಹೇಳಿ ಕೈತೊಳೆದುಕೊಳ್ಳುತ್ತಾರೆ. ರಾಷ್ಟ್ರೀಯ ಹೆದ್ದಾರಿಯಲ್ಲಿ ನೆಟ್‌ವರ್ಕ್ ಇಲ್ಲದ ಕಡೆ ಯಾಕಿದೆ ಎಂದು ಕೇಳುವುದಿಲ್ಲ.

ಮೊದಲು ಭೀಮಗಡದ ಸಂಗತಿ ನೋಡೋಣ. 2024ರ ಡಿಸೆಂಬರ್ ಮೊದಲ ವಾರ. ಉತ್ತರ ಭಾರತದ ಕಡೆಯಿಂದ ಗೋವಾಕ್ಕೆ ಹೊರಟಿದ್ದ ಒಂದು ಕುಟುಂಬ ಖಾನಾಪುರ ತಾಲೂಕಿನ ಶಿರೋಲಿ–ಹೆಮ್ಮಡಗಾ ಕಡೆಯ ಕಾಡಿನಲ್ಲಿ ಸಿಕ್ಕಿಬಿತ್ತು. ಫೋನಿನ ಮ್ಯಾಪು ಹತ್ತಿರದ ದಾರಿ ತೋರಿಸಿತು, ಇವರು ನಂಬಿ ಹೊರಳಿದರು. ಕೆಲವು ಕಿಲೋಮೀಟರು ಒಳಗೆ ಹೋದ ಮೇಲೆ ದಾರಿಯೂ ಇಲ್ಲ, ಸಿಗ್ನಲ್ಲೂ ಇಲ್ಲ. ರಾತ್ರಿಯಿಡೀ ಕಾರಿನ ಬಾಗಿಲು ಹಾಕಿಕೊಂಡು ಕುಳಿತರು. ಬೆಳಗ್ಗೆ ನಡೆದುಕೊಂಡು ಹೋಗಿ ಸಿಗ್ನಲ್ ಸಿಕ್ಕ ಜಾಗದಿಂದ 112ಕ್ಕೆ ಕರೆ ಮಾಡಿದರು. ಪೊಲೀಸರು ಅವರಿದ್ದ ಜಾಗ ಹಿಡಿದು ಹೋಗಿ ಹೊರಗೆ ತಂದರು. ಕರಡಿಯೂ ಚಿರತೆಯೂ ಇರುವ ಕಾಡು ಅದು. ಏನೂ ಆಗಲಿಲ್ಲ ಎನ್ನುವುದು ಅವರ ಪುಣ್ಯ.

ಆ ಸುದ್ದಿ ಬಂದಾಗ ನಮ್ಮ ಪತ್ರಿಕೆಗಳೂ ಚಾನೆಲ್ಲುಗಳೂ "ಗೂಗಲ್ ಮ್ಯಾಪ್ ನಂಬಿ ಕೆಟ್ಟರು" ಎಂದು ಶೀರ್ಷಿಕೆ ಕೊಟ್ಟವು. ಅದಕ್ಕೆ ಒಂದೆರಡು ವಾರ ಮೊದಲಷ್ಟೇ ಉತ್ತರ ಪ್ರದೇಶದ ಬರೇಲಿ ಬಳಿ ಅರ್ಧ ಕೊಚ್ಚಿಹೋದ ಸೇತುವೆಯಿಂದ ಕಾರು ರಾಮಗಂಗಾ ನದಿಗೆ ಬಿದ್ದು ಮೂವರು ಸತ್ತಿದ್ದರು. ಅಲ್ಲಿಯೂ ಮ್ಯಾಪಿನ ಹೆಸರೇ ಮೊದಲು ಬಂತು. ಮ್ಯಾಪು ತಪ್ಪು ತೋರಿಸಿತು, ಖರೆ. ಆದರೆ ಸೇತುವೆ ಇಲ್ಲದ ಕಡೆ ಅಡ್ಡ ಗೋಡೆ ಕಟ್ಟಬೇಕಾದವರು ಯಾರು? ಬರೇಲಿಯ ಪೊಲೀಸರು ಲೋಕೋಪಯೋಗಿ ಇಲಾಖೆಯ ಎಂಜಿನಿಯರುಗಳ ಮೇಲೂ ಪ್ರಕರಣ ದಾಖಲಿಸಿದರು ಎಂಬುದು ಒಳಪುಟದ ಸುದ್ದಿಯಾಯಿತು. ಹೆಮ್ಮಡಗಾ ದಾರಿಯಲ್ಲೂ ಪ್ರಶ್ನೆ ಅದೇ. ಕಾಡು ಶುರುವಾಗುವ ಕಡೆ, ಹೊರರಾಜ್ಯದವರಿಗೂ ಓದಲು ಬರುವಂತೆ, "ಮುಂದೆ ಇಷ್ಟು ಕಿಲೋಮೀಟರು ಫೋನು ಸಿಗುವುದಿಲ್ಲ" ಎಂದು ಒಂದು ಫಲಕ ಹಾಕಿದರೆ ಅದಕ್ಕೆ ಎಷ್ಟು ಖರ್ಚು? ಆನೆ ದಾಟುವ ಜಾಗಕ್ಕೆ ಫಲಕ ಹಾಕುತ್ತಾರಲ್ಲ, ಹಾಗೆ.

ಇಲ್ಲಿ ಒಂದು ಮಾತು ಬಿಡಿಸಿ ಹೇಳಬೇಕು, ಏಕೆಂದರೆ ಓದಿದವರೂ ಇದನ್ನು ಬೆರೆಸಿಬಿಡುತ್ತಾರೆ. ಜಿಪಿಎಸ್ ಬೇರೆ, ನೆಟ್‌ವರ್ಕ್ ಬೇರೆ. ಸುಮಾರು 20,000 ಕಿಲೋಮೀಟರು ಎತ್ತರದಲ್ಲಿ ಸುತ್ತುವ ಉಪಗ್ರಹಗಳು ಹೊತ್ತು ಹೊತ್ತಿಗೆ ಸಂಕೇತ ಕಳಿಸುತ್ತಿರುತ್ತವೆ. ನಮ್ಮ ಫೋನು ಅದನ್ನು ಬರೀ ಕೇಳುತ್ತದೆ. ಧಾರವಾಡ ಆಕಾಶವಾಣಿ ಹಚ್ಚಿದ ರೇಡಿಯೊ ಹಾಡು ಹೇಳುತ್ತದೆಯೇ ಹೊರತು ನಿಮ್ಮ ಮಾತನ್ನು ಆಕಾಶವಾಣಿಗೆ ಮುಟ್ಟಿಸುವುದಿಲ್ಲವಲ್ಲ, ಹಾಗೆ. ಆದ್ದರಿಂದ ಸಿಗ್ನಲ್ ಹೋದರೂ ಪರದೆಯ ಮೇಲಿನ ನೀಲಿ ಚುಕ್ಕಿ ಸರಿಯಾದ ಜಾಗದಲ್ಲೇ ಇರುತ್ತದೆ. ಹೋಗುವುದು ಅದರ ಕೆಳಗಿನ ನಕ್ಷೆ. ನಕ್ಷೆ ಇಂಟರ್ನೆಟ್ಟಿನಿಂದ ತುಂಡು ತುಂಡಾಗಿ ಬರುವಂಥದ್ದು. ಬೂದು ಬಣ್ಣದ ಬಯಲಿನಲ್ಲಿ ನೀಲಿ ಚುಕ್ಕಿಯೊಂದೇ ಕುಳಿತಿರುತ್ತದೆ. ನೀವೆಲ್ಲಿದ್ದೀರಿ ಎಂದು ಫೋನಿಗೆ ಗೊತ್ತು, ಅದನ್ನು ನಿಮಗೆ ಹೇಳಲು ಅದರ ಬಳಿ ಊರಿನ ಹೆಸರಿಲ್ಲ, ಬೇರೆಯವರಿಗೆ ಹೇಳಲು ಬಾಯಿಲ್ಲ.

ಇದಕ್ಕೆ ಅರ್ಧ ಮದ್ದು ನಮ್ಮ ಕೈಯಲ್ಲೇ ಇದೆ. ಮನೆಯಲ್ಲಿ ವೈಫೈ ಇದ್ದಾಗ ಹುಬ್ಬಳ್ಳಿಯಿಂದ ಕಾರವಾರದವರೆಗಿನ, ಬೆಳಗಾವಿಯಿಂದ ಪಣಜಿಯವರೆಗಿನ ನಕ್ಷೆಯನ್ನು ಫೋನಿಗೆ ಇಳಿಸಿಟ್ಟುಕೊಂಡರೆ ಘಟ್ಟದಲ್ಲೂ ದಾರಿ ಕಾಣುತ್ತದೆ. ಹೊಸ ಹುಡುಗರು ಬೈಕು ತಗೊಂಡು ಹೊರಡುವಾಗ ಇದೊಂದು ಮಾಡಲಿ. ನನಗೆ ಪರಿಚಯದ ಲಾರಿ ಚಾಲಕರಲ್ಲಿ ಅರ್ಧಕ್ಕರ್ಧ ಜನರಿಗೆ ಹೀಗೊಂದು ಸೌಲಭ್ಯ ಇದೆಯೆಂದೇ ಗೊತ್ತಿರಲಿಲ್ಲ. ತೋರಿಸಿಕೊಟ್ಟ ಮೇಲೆ ಒಬ್ಬರು, "ಇದನ್ನ ಮೊದಲಽ ಹೇಳಬಾರದೇನ್ರಿ, ಎಷ್ಟ ಡೇಟಾ ಸುಟ್ಟೀನಿ" ಎಂದು ನನಗೇ ಬೈದರು.

ಆದರೆ ಇಳಿಸಿಟ್ಟ ನಕ್ಷೆ ಹಳೆಯ ನಕ್ಷೆ. ಈಗ ಮುಂದೆ ಗುಡ್ಡ ಕುಸಿದಿದೆ ಎಂದು ಅದು ಹೇಳುವುದಿಲ್ಲ. ವಾಹನ ದಟ್ಟಣೆಯ ಕೆಂಪು ಗೆರೆ ಬರುವುದು ರಸ್ತೆಯಲ್ಲಿರುವ ನೂರಾರು ಫೋನುಗಳು ತಮ್ಮ ವೇಗವನ್ನು ಕಂಪನಿಗೆ ಕಳಿಸುವುದರಿಂದ. ಆ ಫೋನುಗಳಿಗೇ ಸಿಗ್ನಲ್ ಇಲ್ಲದಿದ್ದರೆ? ಎರಡು ಕಿಲೋಮೀಟರು ಲಾರಿ ಸಾಲು ನಿಂತಿದ್ದರೂ ಕೆಂಪು ಗೆರೆ ಮೂಡುವ ದಾರಿಯಿಲ್ಲ. 2021ರ ಜುಲೈ ಮಳೆಯಲ್ಲಿ ಅರಬೈಲು ಘಟ್ಟದಲ್ಲಿ ಮಣ್ಣು ಕುಸಿದು ಹೆದ್ದಾರಿ ಬಂದಾಯಿತು. ಅಂಥ ಹೊತ್ತಿನಲ್ಲಿ ಜಿಲ್ಲಾಡಳಿತ ವಾಟ್ಸ್ಯಾಪ್ ಗುಂಪಿನಲ್ಲಿ ಪ್ರಕಟಣೆ ಹಾಕುತ್ತದೆ, ನಾವು ವರದಿಗಾರರು ಅದನ್ನು ನಿಮಿಷದೊಳಗೆ ವೆಬ್‌ಸೈಟಿಗೆ ಏರಿಸುತ್ತೇವೆ. ಮೈಸೂರಿನಲ್ಲಿ ಕುಳಿತವರಿಗೂ ಗೊತ್ತಾಗುತ್ತದೆ. ಆಗಲೇ ಘಟ್ಟ ಹೊಕ್ಕವನಿಗೆ ಮಾತ್ರ ಗೊತ್ತಾಗುವುದಿಲ್ಲ. ಸುದ್ದಿ ಯಾರಿಗೆ ಬೇಕೋ ಅವನೊಬ್ಬನನ್ನು ಬಿಟ್ಟು ಎಲ್ಲರಿಗೂ ತಲುಪುತ್ತದೆ. ಸ್ಟ್ರಿಂಗರ್ ಕೆಲಸದಲ್ಲಿ ನನಗೆ ಎಲ್ಲಕ್ಕಿಂತ ಕಸಿವಿಸಿ ಕೊಡುವ ಸಂಗತಿ ಇದು.

ಮ್ಯಾಪಿನ ಇನ್ನೊಂದು ಕುರುಡನ್ನೂ ಇಲ್ಲೇ ಹೇಳಿಬಿಡುತ್ತೇನೆ. ಅದರ ನೀಲಿ ಗೆರೆಗೆ ಆರು ಪಥದ ರಸ್ತೆಯೂ ಒಂದೇ, ಎರಡು ಪಥದ ರಸ್ತೆಯೂ ಒಂದೇ. ನಮ್ಮ ಹುಬ್ಬಳ್ಳಿ–ಧಾರವಾಡ ಬೈಪಾಸು ಎಷ್ಟೋ ವರ್ಷ ಎರಡೇ ಪಥದಲ್ಲಿ ಉಳಿದಿತ್ತು, ಆಚೆ ಈಚೆ ಅಗಲ ರಸ್ತೆ, ನಡುವೆ ಈ ಇಕ್ಕಟ್ಟು. ಬೆಂಗಳೂರಿನ ಕಡೆಯಿಂದ ಅದೇ ವೇಗದಲ್ಲಿ ಬಂದವರಿಗೆ ಇಲ್ಲಿ ರಸ್ತೆ ಸಣ್ಣದಾಗುತ್ತದೆ ಎಂದು ಯಾವ ಮ್ಯಾಪೂ ಹೇಳಲಿಲ್ಲ. 2021ರ ಜನವರಿ 15ರ ಬೆಳಗ್ಗೆ ಇಟಿಗಟ್ಟಿ ಬಳಿ, ದಾವಣಗೆರೆಯಿಂದ ಗೋವಾಕ್ಕೆ ಹೊರಟಿದ್ದ ಗೆಳತಿಯರ ವಾಹನಕ್ಕೆ ಟಿಪ್ಪರ್ ಡಿಕ್ಕಿಯಾದದ್ದು ಇದೇ ಬೈಪಾಸಿನಲ್ಲಿ. ಅದು ಮ್ಯಾಪಿನ ತಪ್ಪಲ್ಲ, ರಸ್ತೆಯ ತಪ್ಪು. ದಾರಿ ತೋರಿಸುವ ಯಂತ್ರ ದಾರಿಯ ಗುಣವನ್ನು ತೋರಿಸುವುದಿಲ್ಲ ಎನ್ನುವುದಕ್ಕೆ ಹೇಳಿದೆ.

ದಾರಿಯ ಗುಣ ಹೇಳುವ ಹಳೆಯ ಸಾಧನ ಒಂದಿದೆ: ಮೈಲಿಗಲ್ಲು. ತಲೆ ಹಳದಿ ಇದ್ದರೆ ರಾಷ್ಟ್ರೀಯ ಹೆದ್ದಾರಿ, ಹಸಿರು ಇದ್ದರೆ ರಾಜ್ಯ ಹೆದ್ದಾರಿ, ಕಪ್ಪೋ ನೀಲಿಯೋ ಇದ್ದರೆ ಜಿಲ್ಲಾ ರಸ್ತೆ, ಕಿತ್ತಳೆ ಇದ್ದರೆ ಹಳ್ಳಿಯ ರಸ್ತೆ. ಗೋವಾಕ್ಕೆ ಹೋಗುವ ದೊಡ್ಡ ದಾರಿಯಲ್ಲಿದ್ದೇನೆ ಎಂದುಕೊಂಡವರಿಗೆ ಹಳದಿ ಕಲ್ಲು ಕಾಣುವುದು ನಿಂತು ಬಹಳ ಹೊತ್ತಾಗಿದ್ದರೆ, ಫೋನು ಏನೇ ಹೇಳಲಿ, ಗಾಡಿ ನಿಲ್ಲಿಸಿ ಕೇಳಬೇಕು. ಕೇಳುವುದು ಅಂದರೆ ಮನುಷ್ಯರನ್ನು. ನಮ್ಮ ಕಡೆ ದಾರಿ ಹೇಳುವವರು ಕಿಲೋಮೀಟರಿನ ಲೆಕ್ಕದಲ್ಲಿ ತುಸು ಉದಾರಿಗಳು, ಅದನ್ನು ಒಪ್ಪುತ್ತೇನೆ. "ಇಲ್ಲೇ ಐತ್ರಿ, ಒಂದ್ ಬೀಡಿ ಸೇದೂದ್ರಾಗ ಬರ್ತೈತಿ" ಎಂದವರ ಊರು ಒಂಬತ್ತು ಕಿಲೋಮೀಟರು ದೂರ ಇರಬಹುದು. ಆದರೆ "ಈ ಮಳ್ಯಾಗ ಆ ದಾರಿ ಹಿಡೀಬ್ಯಾಡ್ರಿ, ಹಳ್ಳ ಬಂದೈತಿ" ಎನ್ನುವ ಮಾತು ಯಾವ ಉಪಗ್ರಹದಿಂದಲೂ ಬರುವುದಿಲ್ಲ. ಯುಗಾದಿಗೆ ಮುಂಚೆ ಮಲ್ಲಯ್ಯನ ಕಂಬಿ ಹೊತ್ತು ಶ್ರೀಶೈಲಕ್ಕೆ ನಡೆದು ಹೋಗುವ ನಮ್ಮ ಬಾಗಲಕೋಟೆ, ವಿಜಯಪುರ, ಬೆಳಗಾವಿ ಕಡೆಯ ಜನ ನಲ್ಲಮಲ ಕಾಡನ್ನು ದಾಟುವುದು ಫೋನು ನಂಬಿಕೊಂಡಲ್ಲ. ಯಾವ ದಿನ ಎಲ್ಲಿ ವಸ್ತಿ, ಎಲ್ಲಿ ನೀರು, ಎಲ್ಲಿ ಪ್ರಸಾದ ಎಂಬುದು ವರ್ಷ ವರ್ಷ ಹೋದವರ ಬಾಯಲ್ಲಿದೆ. ಒಬ್ಬ ಹಿಂದೆ ಉಳಿದರೆ ಸಂಜೆ ವಸ್ತಿಯಲ್ಲಿ ಗೊತ್ತಾಗುತ್ತದೆ, ಹುಡುಕಲು ಇಬ್ಬರು ಹಿಂದಕ್ಕೆ ನಡೆಯುತ್ತಾರೆ. ಗುಂಪಿನಲ್ಲಿ ನಡೆಯುವವರಿಗೆ ಇದು ಸಾಧ್ಯ. ರಾತ್ರಿ ಎರಡು ಗಂಟೆಗೆ ಒಂಟಿ ಲಾರಿಯಲ್ಲಿ ಹೋಗುವ ಚಾಲಕ ಮತ್ತು ಕ್ಲೀನರ್‌ಗೆ ಹಿಂದಕ್ಕೆ ನಡೆದು ಬರುವವರು ಯಾರು?

ಈಗ ಶಿರೂರಿನ ಮಾತು. ಅಂಕೋಲಾ ತಾಲೂಕಿನ ಶಿರೂರಿನಲ್ಲಿ 2024ರ ಜುಲೈ 16ರ ಬೆಳಗ್ಗೆ ಗುಡ್ಡ ಕುಸಿದು ಹೆದ್ದಾರಿ 66ರ ಮೇಲೆ ಬಿತ್ತು. ರಸ್ತೆ ಬದಿ ಚಹಾ ಅಂಗಡಿ ಇಟ್ಟುಕೊಂಡಿದ್ದ ಕುಟುಂಬ ಹೋಯಿತು. ಅಲ್ಲಿದ್ದ ವಾಹನಗಳು ಮಣ್ಣಿನೊಂದಿಗೆ ಗಂಗಾವಳಿ ನದಿಗೆ ಜಾರಿದವು. ನಮ್ಮ ಕಡೆಯ ಕಟ್ಟಿಗೆ ತುಂಬಿಕೊಂಡು ಕೇರಳಕ್ಕೆ ಹೊರಟಿದ್ದ ಲಾರಿಯೂ ಅದರ ಚಾಲಕನೂ ಕಾಣೆಯಾದರು. ಲಾರಿಯಲ್ಲಿ ಜಿಪಿಎಸ್ ಇತ್ತು. ಅದು ಕೊನೆಗೆ ತೋರಿಸಿದ ಜಾಗ ಶಿರೂರಿನ ಕುಸಿತದ ಜಾಗವೇ ಎಂದು ಮನೆಯವರು ಹೇಳಿದರು. ದಿನಗಳ ನಂತರ ಫೋನು ಒಮ್ಮೆ ರಿಂಗಾಯಿತು ಎಂದೂ ಹೇಳಿದರು. ಆ ಒಂದು ರಿಂಗಿನ ಮೇಲೆ ಒಂದು ಮನೆ, ಆಮೇಲೆ ಒಂದು ರಾಜ್ಯ, ಆಸೆ ಹಿಡಿದು ಕುಳಿತಿತು. ಮೊದಲು ರಸ್ತೆಯ ಮೇಲಿನ ಮಣ್ಣಿನಲ್ಲಿ ಹುಡುಕಿದರು, ಆಮೇಲೆ ನದಿಯಲ್ಲಿ. ಸೇನೆ ಬಂತು, ನೌಕಾಪಡೆ ಬಂತು, ರೇಡಾರ್ ಬಂತು, ಕೊನೆಗೆ ಹೂಳೆತ್ತುವ ಯಂತ್ರ ಬಂತು. ಲಾರಿ ಸಿಕ್ಕಿದ್ದು ಸೆಪ್ಟೆಂಬರ್ 25ಕ್ಕೆ, 71 ದಿನಗಳ ನಂತರ, ನದಿಯ ತಳದಲ್ಲಿ. ಚಾಲಕನ ದೇಹ ಅದರೊಳಗೇ ಇತ್ತು.

ಅಂದಹಾಗೆ ಆ ಗಂಗಾವಳಿ ನಮ್ಮದೇ ನೀರು. ಧಾರವಾಡದ ಸೋಮೇಶ್ವರದಲ್ಲಿ ಹುಟ್ಟುವ ಶಾಲ್ಮಲೆ ಮತ್ತು ಹುಬ್ಬಳ್ಳಿ ಉಣಕಲ್ಲಿನ ಕಡೆಯ ಹಳ್ಳ ಕಲಘಟಗಿ ಹತ್ತಿರ ಕೂಡಿ ಬೇಡ್ತಿಯಾಗುತ್ತವೆ, ಮಾಗೋಡಿನಲ್ಲಿ ಧುಮುಕಿ, ಕೆಳಗೆ ಗಂಗಾವಳಿಯಾಗುತ್ತವೆ. ಲಾರಿಯ ಮೇಲಿನ ಮಣ್ಣು ಕೊಚ್ಚಿಕೊಂಡು ಹರಿದದ್ದು ನಮ್ಮೂರ ಮಳೆ. ಹೆದ್ದಾರಿಯೂ ಹೊಳೆಯೂ ಇಲ್ಲಿಂದಲೇ ಅಲ್ಲಿಗೆ ಹೋಗುತ್ತವೆ, ಸಿಗ್ನಲ್ ಮಾತ್ರ ನಡುವೆ ಎಲ್ಲೋ ನಿಲ್ಲುತ್ತದೆ.

ಶಿರೂರಿನಿಂದ ನಾನು ತಿಳಿದದ್ದು ಇಷ್ಟು: ಜಿಪಿಎಸ್ ತೋರಿಸುವುದು ವಾಹನ ಕೊನೆಗೆ ಮಾತಾಡಿದ ಜಾಗವನ್ನು, ವಾಹನ ಇರುವ ಜಾಗವನ್ನಲ್ಲ. ಬಸ್ಸು, ಟ್ಯಾಕ್ಸಿಯಂಥ ಸಾರ್ವಜನಿಕ ಸೇವೆಯ ಹೊಸ ವಾಹನಗಳಿಗೆ 2019ರ ಜನವರಿ 1ರಿಂದ ಸ್ಥಳ ಪತ್ತೆ ಸಾಧನ ಮತ್ತು ತುರ್ತು ಗುಂಡಿ ಕಡ್ಡಾಯವಾಗಿದೆ. ಅದಕ್ಕಾಗಿ ಸಾವಿರಾರು ರೂಪಾಯಿ ಕೊಟ್ಟು ಟ್ಯಾಕ್ಸಿಯವರು ಶಾಪ ಹಾಕಿದ್ದನ್ನು ಕೇಳಿದ್ದೇನೆ. ಆ ಗುಂಡಿಯೂ ಮಾತಾಡುವುದು ಒಳಗಿರುವ ಸಿಮ್ ಮೂಲಕವೇ. ಘಟ್ಟದಲ್ಲಿ ಅದನ್ನು ಒತ್ತಿದರೆ ಸಂದೇಶ ಸಿಗ್ನಲ್ಲಿಗಾಗಿ ಕಾಯುತ್ತ ಕೂರುತ್ತದೆ. ಸರಕಾರ ಚಾಲಕನಿಂದ ಸಾಧನ ಕೊಳ್ಳಿಸಿತು, ಸಾಧನ ಕೆಲಸ ಮಾಡಲು ಬೇಕಾದ್ದನ್ನು ಪೂರ್ತಿ ಕೊಡಲಿಲ್ಲ.

ಕೆಲವು ಗೆಳೆಯರು ಇದಕ್ಕೆ ಉಪಗ್ರಹ ಫೋನು ಎನ್ನುತ್ತಾರೆ. ವಿದೇಶದಲ್ಲಿ ಚಾರಣಿಗರು ಬೆರಳುದ್ದದ ಸಾಧನ ಇಟ್ಟುಕೊಂಡು ಗುಡ್ಡದ ತುದಿಯಿಂದ ಸಂದೇಶ ಕಳಿಸುತ್ತಾರೆ, ನಿಜ. ನಮ್ಮಲ್ಲಿ ಅನುಮತಿ ಇಲ್ಲದೆ ಅಂಥದ್ದನ್ನು ಇಟ್ಟುಕೊಳ್ಳುವುದೇ ಅಪರಾಧ. 2024ರ ಡಿಸೆಂಬರ್‌ನಲ್ಲೇ ಗೋವಾ ವಿಮಾನ ನಿಲ್ದಾಣದಲ್ಲಿ ಕೆನಡಾದ ಓಟಗಾರ್ತಿಯೊಬ್ಬರನ್ನು ಇಂಥ ಸಾಧನ ಬ್ಯಾಗಿನಲ್ಲಿತ್ತೆಂದು ತಡೆದು ನಿಲ್ಲಿಸಿದರು. ಒಂದೇ ತಿಂಗಳಲ್ಲಿ ಭೀಮಗಡದ ಒಳಗೆ ಒಂದು ಕುಟುಂಬ ಸಾಧನವಿಲ್ಲದೆ ರಾತ್ರಿ ಕಳೆಯಿತು, ಘಟ್ಟದ ಆಚೆ ಒಬ್ಬರು ಸಾಧನ ಇದ್ದದ್ದಕ್ಕೆ ಸಿಕ್ಕಿಬಿದ್ದರು. ಭದ್ರತೆಯ ಕಾರಣ ಇದೆ, ಮುಂಬೈ ದಾಳಿ ಕಂಡ ದೇಶ ಇದು, ಅದನ್ನು ತಳ್ಳಿಹಾಕುವುದಿಲ್ಲ. ಹಾಗಾದರೆ ನೆಲದ ಮೇಲಿನ ಸಿಗ್ನಲ್ಲನ್ನಾದರೂ ಕೊಡಿ.

ಯಾಕೆ ಕೊಟ್ಟಿಲ್ಲ? ಇದರಲ್ಲಿ ಲೆಕ್ಕದ ಒಂದು ಆಟವಿದೆ. ನಮ್ಮಲ್ಲಿ ಟವರಿನ ಯೋಜನೆಗಳು ಹಳ್ಳಿಯನ್ನು ಎಣಿಸುತ್ತವೆ. 2022ರ ಜುಲೈನಲ್ಲಿ ಕೇಂದ್ರ ಸಂಪುಟ ಒಪ್ಪಿದ 4ಜಿ ಯೋಜನೆ ನೋಡಿ: 24,680 ಹಳ್ಳಿಗಳು, 26,316 ಕೋಟಿ ರೂಪಾಯಿ. ಒಳ್ಳೆಯ ಯೋಜನೆ. ಆದರೆ ಅರಬೈಲು ಘಟ್ಟದ ತಿರುವು ಹಳ್ಳಿಯಲ್ಲ. ಅಲ್ಲಿ ಮತದಾರರ ಪಟ್ಟಿಯಿಲ್ಲ, ಗ್ರಾಮಸಭೆ ಇಲ್ಲ, ಠರಾವು ಪಾಸು ಮಾಡುವವರಿಲ್ಲ. ಅಲ್ಲಿರುವವರು ಇನ್ನರ್ಧ ತಾಸಿನಲ್ಲಿ ಬೇರೆ ಕಡೆ ಇರುತ್ತಾರೆ. ಟೆಲಿಕಾಂ ಕಂಪನಿ ಕೇಳುವುದು ಇಲ್ಲಿ ಗ್ರಾಹಕರೆಷ್ಟು ಎಂದು, ಸರಕಾರ ಕೇಳುವುದು ಇಲ್ಲಿ ಮನೆಗಳೆಷ್ಟು ಎಂದು. ಎರಡಕ್ಕೂ ಉತ್ತರ ಸೊನ್ನೆ. ಆ ಸೊನ್ನೆಯ ಮೇಲೆ ದಿನಕ್ಕೆ ಸಾವಿರಾರು ವಾಹನ ಓಡುತ್ತವೆ ಎನ್ನುವುದು ಯಾರ ಕಾಲಮ್ಮಿನಲ್ಲೂ ಬರುವುದಿಲ್ಲ.

2025ರ ಕೊನೆಗೆ ರಾಷ್ಟ್ರೀಯ ಹೆದ್ದಾರಿ ಪ್ರಾಧಿಕಾರ ತಾನೇ ದೂರಸಂಪರ್ಕ ಇಲಾಖೆಗೂ ಟ್ರಾಯ್‌ಗೂ ಬರೆದು, ದೇಶದ ಹೆದ್ದಾರಿಗಳಲ್ಲಿ 424 ಕಡೆ, ಸುಮಾರು 1,750 ಕಿಲೋಮೀಟರು ಮೊಬೈಲ್ ಸಂಪರ್ಕದ ತೊಂದರೆ ಇದೆ ಎಂದು ಹೇಳಿತು. ಇಷ್ಟು ದಿನ ನಮ್ಮ ಚಾಲಕರು ಚಹಾ ಅಂಗಡಿಯಲ್ಲಿ ಹೇಳುತ್ತಿದ್ದುದನ್ನು ಈಗ ಸರಕಾರದ ಒಂದು ಕೈ ಇನ್ನೊಂದು ಕೈಗೆ ಬರೆದು ತಿಳಿಸಿದೆ. ಆ ಪಟ್ಟಿಯಲ್ಲಿ ನಮ್ಮ ಘಟ್ಟಗಳು ಇರಲೇಬೇಕೆಂದು ಎರಡೂ ಜಿಲ್ಲೆಯವರು ಪಟ್ಟು ಹಿಡಿಯಬೇಕು.

ಹಣವಿಲ್ಲ ಎನ್ನುವಂತಿಲ್ಲ. ಡಿಜಿಟಲ್ ಭಾರತ್ ನಿಧಿ ಎಂಬುದೊಂದಿದೆ, ಮೊದಲು ಇದಕ್ಕೆ ಬೇರೆ ಹೆಸರಿತ್ತು. ಟೆಲಿಕಾಂ ಕಂಪನಿಗಳ ಆದಾಯದ ಶೇ. 5ರಷ್ಟು ಇದಕ್ಕೆ ಹೋಗುತ್ತದೆ. ಅಂದರೆ ನಾವು ಹಾಕಿಸುವ ರೀಚಾರ್ಜಿನ ಒಂದು ಪಾಲು. ಈ ನಿಧಿಯಿಂದ ಕಟ್ಟಿದ 4ಜಿ ಟವರುಗಳಲ್ಲಿ, ಟವರು ಯಾರದೇ ಇರಲಿ, ಬೇರೆ ಕಂಪನಿಯ ಸಿಮ್ಮಿಗೂ ಸಿಗ್ನಲ್ ಸಿಗುವ ವ್ಯವಸ್ಥೆಯನ್ನು 2025ರ ಜನವರಿ 17ರಂದು ಆರಂಭಿಸಿದರು. ಘಟ್ಟಕ್ಕೆ ಬೇಕಾದದ್ದು ಇದೇ. ಮೂರು ಕಂಪನಿಯ ಮೂರು ಟವರು ಕಾಡಿನಲ್ಲಿ ನೆಡುವ ಅಗತ್ಯವಿಲ್ಲ, ಒಂದು ಇರಲಿ, ಎಲ್ಲರಿಗೂ ಇರಲಿ. ಈ ವ್ಯವಸ್ಥೆಯನ್ನು ಹಳ್ಳಿಯ ಲೆಕ್ಕ ಬಿಟ್ಟು ಹೆದ್ದಾರಿಯ ಕಿಲೋಮೀಟರಿನ ಲೆಕ್ಕದಲ್ಲೂ ತರಬೇಕು.

ಕಾಡಿನಲ್ಲಿ ಟವರು ಬೇಡ ಎನ್ನುವ ಪರಿಸರದ ಗೆಳೆಯರಿದ್ದಾರೆ. ಶಿರಸಿ–ಯಲ್ಲಾಪುರದ ಕಡೆಯ ಜನ ಬೇಡ್ತಿ ಉಳಿಸಲು ಹೋರಾಡಿದವರು, ಅವರ ಮಾತನ್ನು ನಾನು ಹಗುರಾಗಿ ತೆಗೆದುಕೊಳ್ಳುವುದಿಲ್ಲ. ಟವರಿಗೊಂದು ರಸ್ತೆ, ರಸ್ತೆಗೊಂದು ಅಂಗಡಿ, ಅಂಗಡಿಗೊಂದು ಲೈಟು ಎಂದು ಬೆಳೆಯುವ ಭಯ ಸುಳ್ಳಲ್ಲ. ಭೀಮಗಡದ ಒಳಗೆ ಟವರು ಬೇಡ ಎಂದರೆ ನಾನೂ ಒಪ್ಪುತ್ತೇನೆ. ಅಲ್ಲಿ ಫಲಕ ಮತ್ತು ಗೇಟು ಸಾಕು. ನಾನು ಕೇಳುತ್ತಿರುವುದು ಈಗಾಗಲೇ ಡಾಂಬರು ಬಿದ್ದು, ಹಗಲು ರಾತ್ರಿ ಟ್ಯಾಂಕರು ಓಡುವ ಹೆದ್ದಾರಿಯ ಅಂಚಿನಲ್ಲಿ. ಅದೂ ಬೇಡವೆಂದರೆ ರಸ್ತೆ ಬದಿಯ ತುರ್ತು ಫೋನು ಡಬ್ಬಿ ಇಡಿ. ಪುಣೆ–ಬೆಂಗಳೂರು ರಸ್ತೆಯಲ್ಲಿ ಇಂಥ ಡಬ್ಬಿಗಳನ್ನು ನಿಲ್ಲಿಸಿದ್ದರು, ನಾನು ನೋಡಿದ ಕೆಲವಕ್ಕೆ ಬಳ್ಳಿ ಹಬ್ಬಿದೆ, ಒಂದರೊಳಗೆ ಕಣಜದ ಗೂಡು. ಸಿಗ್ನಲ್ ಚೆನ್ನಾಗಿ ಇರುವ ರಸ್ತೆಯಲ್ಲಿ ಡಬ್ಬಿ, ಸಿಗ್ನಲ್ ಇಲ್ಲದ ಘಟ್ಟದಲ್ಲಿ ಏನೂ ಇಲ್ಲ. ಯೋಜನೆ ಮಾಡಿದವರಿಗೊಂದು ದೊಡ್ಡ ನಮಸ್ಕಾರ.

ಇದು ಫೇಸ್‌ಬುಕ್ ನೋಡಲು ಕೇಳುವ ಸಿಗ್ನಲ್ ಅಲ್ಲ ಎಂದು ಹೇಳಲು ಒಂದು ಬೆಳಗಿನ ಜಾವ ಸಾಕು. 2025ರ ಜನವರಿ 22. ಸವಣೂರಿನಿಂದ ಕುಮಟಾ ಸಂತೆಗೆ ತರಕಾರಿ, ಹಣ್ಣು ತುಂಬಿಕೊಂಡು, ಅದರ ಮೇಲೆಯೇ ವ್ಯಾಪಾರಿಗಳು ಕುಳಿತು ಹೊರಟಿದ್ದ ಲಾರಿ ಯಲ್ಲಾಪುರ ತಾಲೂಕಿನಲ್ಲಿ ಹೆದ್ದಾರಿಯಿಂದ ಕಂದಕಕ್ಕೆ ಉರುಳಿತು. ಹತ್ತು ಜನ ಸತ್ತರು. ಗಾಯಗೊಂಡವರನ್ನು ಹುಬ್ಬಳ್ಳಿಯ ಕಿಮ್ಸ್‌ಗೆ ತಂದರು. ಲೋಡಿನ ಮೇಲೆ ಜನ ಕೂರುವುದು, ರಾತ್ರಿ ಮಂಜು, ತಡೆಗೋಡೆ ಇಲ್ಲದ ಅಂಚು, ಇದರ ಹಿಂದೆ ಹತ್ತು ಕಾರಣ ಇರಬಹುದು, ಎಲ್ಲವನ್ನೂ ಸಿಗ್ನಲ್ಲಿನ ತಲೆಗೆ ಕಟ್ಟುವುದಿಲ್ಲ. ಆದರೆ ಉತ್ತರ ಕನ್ನಡದಲ್ಲಿ ದೊಡ್ಡ ಆಸ್ಪತ್ರೆ ಇಲ್ಲ ಎಂದು ಅಲ್ಲಿಯ ಜನ ವರ್ಷಗಳಿಂದ ಕೂಗುತ್ತಿದ್ದಾರೆ. ಘಟ್ಟದಲ್ಲಿ ಬಿದ್ದವನನ್ನು ಮೇಲೆ ಹುಬ್ಬಳ್ಳಿಗೋ ಕೆಳಗೆ ಮಂಗಳೂರು, ಮಣಿಪಾಲಕ್ಕೋ ಒಯ್ಯಬೇಕು. ಹಾಗಿರುವಾಗ 108ಕ್ಕೆ ಕರೆ ಮಾಡಲು ಬೈಕು ಹತ್ತಿ ಸಿಗ್ನಲ್ ಸಿಗುವ ತಿರುವಿಗೆ ಹೋಗಿ ಬರುವ ಇಪ್ಪತ್ತು ನಿಮಿಷವನ್ನು ಯಾರ ಆಯುಷ್ಯದಿಂದ ಕಳೆಯಬೇಕು?

ಘಟ್ಟ ಇಳಿಯುವವರಿಗೆ ಒಂದೆರಡು ಮಾತು. ಫೋನಿನ ಮೇಲೆ "ತುರ್ತು ಕರೆ ಮಾತ್ರ" ಎಂದು ಬಂದರೆ ಸಿಗ್ನಲ್ ಪೂರ್ತಿ ಇಲ್ಲವೆಂದಲ್ಲ. ನಿಮ್ಮ ಕಂಪನಿಯದಿಲ್ಲ, ಬೇರೆಯವರ ಟವರು ಕೇಳಿಸುತ್ತಿದೆ ಎಂದು ಅರ್ಥ. ಆಗ 112 ಒತ್ತಿ, ಬೇರೆ ಕಂಪನಿಯ ಟವರಿನ ಮೂಲಕವೇ ಕರೆ ಹೋಗುತ್ತದೆ. ಬಹಳ ಜನ ಈ ಅಕ್ಷರ ನೋಡಿ ಫೋನನ್ನು ಜೇಬಿಗೆ ಹಾಕಿಬಿಡುತ್ತಾರೆ. ಒಂದು ಕಡ್ಡಿ ಸಿಗ್ನಲ್ಲಿನಲ್ಲಿ ವಾಟ್ಸ್ಯಾಪ್ ಸುತ್ತುತ್ತಲೇ ಇರುತ್ತದೆ, ಸಾದಾ ಎಸ್‌ಎಂಎಸ್ ಹೋಗಿಬಿಡುತ್ತದೆ. ಹೆದ್ದಾರಿಯ ಸಹಾಯವಾಣಿ 1033. ಜಾಗ ಹೇಳುವಾಗ ಹತ್ತಿರದ ಮೈಲಿಗಲ್ಲಿನ ಅಂಕೆ ಹೇಳಿ. "ಒಂದು ದೊಡ್ಡ ತಿರುವು, ಪಕ್ಕದಲ್ಲಿ ಮರ" ಎಂದರೆ ಘಟ್ಟದಲ್ಲಿ ಎಲ್ಲ ಕಡೆ ತಿರುವೂ ಮರವೂ ಇವೆ.

ಈ ರಸ್ತೆಯ ಎರಡೂ ತುದಿಯ ಸಂಸದರು ದೆಹಲಿಯಲ್ಲಿ ಮಾತು ನಡೆಯುವಂಥವರು. ಧಾರವಾಡದ ಪ್ರಲ್ಹಾದ ಜೋಶಿ ಕೇಂದ್ರ ಸಚಿವರು. ಉತ್ತರ ಕನ್ನಡದ ವಿಶ್ವೇಶ್ವರ ಹೆಗಡೆ ಕಾಗೇರಿ ವಿಧಾನಸಭೆಯ ಅಧ್ಯಕ್ಷರಾಗಿದ್ದವರು, ಘಟ್ಟದ ಊರುಗಳನ್ನು ಹತ್ತಿರದಿಂದ ಬಲ್ಲವರು. ಇಬ್ಬರೂ ಒಟ್ಟಿಗೆ ಒಂದು ದಿನ ಹುಬ್ಬಳ್ಳಿಯಿಂದ ಅಂಕೋಲಾವರೆಗೆ ಒಂದೇ ಕಾರಿನಲ್ಲಿ ಹೋಗಲಿ, ಬೆಂಗಾವಲಿನ ವೈರ್‌ಲೆಸ್ ಬಂದ್ ಮಾಡಿ, ಸಾದಾ ಫೋನು ಹಿಡಿದು. ಎಲ್ಲಿ ಮಾತು ಕಡಿಯಿತು ಎಂದು ತಾವೇ ಬರೆದುಕೊಳ್ಳಲಿ.

ಅವರು ಹೋಗುವತನಕ ಆ ಕೆಲಸ ನಾವೇ ಮಾಡೋಣ. ಕಂಪನಿಗಳು ತಮ್ಮ ಸಿಗ್ನಲ್ ಎಲ್ಲೆಲ್ಲಿದೆ ಎಂಬ ನಕ್ಷೆಯನ್ನು ವೆಬ್‌ಸೈಟಿನಲ್ಲಿ ಹಾಕಬೇಕೆಂದು ಟ್ರಾಯ್ ನಿಯಮ ಮಾಡಿದೆ. ಆ ನಕ್ಷೆಯ ಬಣ್ಣವನ್ನು ರಸ್ತೆಯ ಮೇಲೆ ನಿಂತು ಪರೀಕ್ಷಿಸುವವರು ಬೇಕು. ಈ ಬ್ಲಾಗಿನ ಗೆಳೆಯರು ಯಲ್ಲಾಪುರ, ಅಂಕೋಲಾ, ಜೊಯಿಡಾ, ಖಾನಾಪುರ, ಅಳ್ನಾವರಗಳಲ್ಲಿದ್ದೀರಿ. ನಿಮ್ಮ ಪಾಲಿನ ರಸ್ತೆಯಲ್ಲಿ ಯಾವ ಮೈಲಿಗಲ್ಲಿನಿಂದ ಯಾವ ಮೈಲಿಗಲ್ಲಿನವರೆಗೆ ಯಾವ ಕಂಪನಿಯದು ಸಿಗುವುದಿಲ್ಲ ಎಂದು ಬರೆದು ಕಳಿಸಿ. ಹಗಲೊಮ್ಮೆ, ರಾತ್ರಿಯೊಮ್ಮೆ, ಸಾಧ್ಯವಾದರೆ ಮಳೆಯಲ್ಲೊಮ್ಮೆ ನೋಡಿ. ಹುಬ್ಬಳ್ಳಿಯಿಂದ ಕಲಘಟಗಿ ದಾಟಿ ಯಲ್ಲಾಪುರದವರೆಗಿನದು ನನಗಿರಲಿ. ಜೂನ್ ಮೊದಲ ಮಳೆಗೆ ಮುಂಚೆ ಕೈಗೆ ಬಂದರೆ ಎರಡೂ ಜಿಲ್ಲಾಧಿಕಾರಿಗಳಿಗೆ, ಹೆದ್ದಾರಿ ಪ್ರಾಧಿಕಾರಕ್ಕೆ ಒಂದೇ ಪಟ್ಟಿಯಾಗಿ ಕೊಡಬಹುದು.